ಒಂದು ಪದಕ್ಕಾಗಿ ಹೊಟ್ಟೆ ಉರಿದುಕೊಂಡ ಬೇಸಿಗೆ

ಅತ್ತಿಬೆಲೆಯಿಂದ ಆನೇಕಲ್ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಆಗ ಬರೀ ಹಿಪ್ಪುನೇರಳೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸದ ಮನೆಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ಇದನ್ನು ಓದುತ್ತಿರುವವರಲ್ಲಿ ಹುಳದ ಮನೆಯಲ್ಲಿ ಬೆಳೆದವರು ಖಂಡಿತ ಇದ್ದೀರಿ. ಬಾಡಿದ ಸೊಪ್ಪು, ಸುಣ್ಣದ ಪುಡಿ, ಒದ್ದೆ ಗೋಣಿತಾಟು ಮೂರೂ ಸೇರಿದರೆ ಎಂಥ ವಾಸನೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಮನೆ ನಮ್ಮದು, ದರ್ಬಾರು ಹುಳದ್ದು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತಿದ್ದೆವು. ನಾಲ್ಕನೇ ಜ್ವರ ಎದ್ದಮೇಲೆ ಅವು ದಪ್ಪಗಾಗಿ, ಅವನ್ನು ಮೇಯಿಸುವ ಬಿದಿರ ತಟ್ಟೆಗಳು ಹೆಚ್ಚಾಗಿ, ನಡುಮನೆಯನ್ನೆಲ್ಲ ಆಕ್ರಮಿಸಿಕೊಳ್ಳುತ್ತಿದ್ದವು. ನಾವು ಚಾಪೆ ಎತ್ತಿಕೊಂಡು ಜಗುಲಿಗೆ. ಅಪ್ಪ ಬೀಡಿ ಸೇದಬೇಕಾದರೆ ಬೇಲಿ ದಾಟಿ ಹೋಗಬೇಕಿತ್ತು. ಹುಳ ತಿನ್ನುವ ಸದ್ದನ್ನು ಎಲ್ಲರೂ ಮಳೆಗೆ ಹೋಲಿಸುತ್ತಾರೆ. ನನಗೆ ಮಾತ್ರ ಒಂದಿಡೀ ಊರು ಕತ್ತಲೆಯಲ್ಲಿ ಕೂತು ಕಡ್ಲೆಪುರಿ ತಿನ್ನುತ್ತಿರುವ ಹಾಗೆ ಕೇಳುತ್ತಿತ್ತು.

ಈಗ ಪದದ ವಿಷಯ.

ನಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಒಂದು ಪದ ಇಟ್ಟುಕೊಂಡಿದ್ದಳು. ಪರಾಂಬರಿಸು. ಅವಳ ಬಾಯಲ್ಲಿ ‘ಪರಾಂಬರ್ಸು’. ಚೆನ್ನಾಗಿ ಯೋಚಿಸು, ಹಿಂದುಮುಂದು ನೋಡು, ಅವಸರ ಮಾಡಬೇಡ, ಎಲ್ಲವೂ ಅದರೊಳಗೇ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಪರಾಂಬರ್ಸು. ಹೆಣ್ಣು ಕೊಡುವಾಗ ಪರಾಂಬರ್ಸು. ಮೋಡ ಕಟ್ಟಿದರೆ ಅಂಗಳದ ಹುರುಳಿ ಎತ್ತಬೇಕೋ ಬೇಡವೋ, ಅದಕ್ಕೂ ಪರಾಂಬರ್ಸು. ಅಪ್ಪಣೆಯಾಗಿ ಇದನ್ನು ಎಲ್ಲರಿಗೂ ಹಂಚುತ್ತಿದ್ದವಳು, ಹೊಗಳಿಕೆಯಾಗಿ ಕೊಡುವುದಕ್ಕೆ ಮಾತ್ರ ಬಲು ಜುಗ್ಗಿ. ಯಾರಾದರೂ ‘ಪರಾಂಬರ್ಸಿ ಮಾಡಿದರು’ ಅಂತ ಅಜ್ಜಿಯ ಬಾಯಲ್ಲಿ ಬಂತು ಅಂದರೆ ಅದು ದೊಡ್ಡ ಬಿರುದು. ಸತ್ತುಹೋಗಿದ್ದ ತಾತನಿಗೆ ಸಿಕ್ಕಿತ್ತು. ಆಮೇಲೆ ಕೊಟ್ಟಿಗೆಯ ಹಸುವಿಗೆ ಸಿಕ್ಕಿತ್ತು.

“ಕೆಸರಲ್ಲಿ ಎಂಗೆ ಪರಾಂಬರ್ಸಿ ಕಾಲಿಕ್ತದೆ ನೋಡು, ಮೂಗ್ ಪ್ರಾಣಿ” ಅಂದಿದ್ದಳು.

ಹಸುವಿಗೆ ಕೊಟ್ಟಳು, ನನಗೆ ಕೊಡಲಿಲ್ಲ. ನಾನು ಬಿರಬಿರನೆ ಕೆಲಸ ಮಾಡುವ ಹುಡುಗಿ. ಸೊಪ್ಪು ಕೊಯ್ಯಲಿ, ಕಸ ತೆಗೆಯಲಿ, ನನ್ನ ಕೈ ಅಮ್ಮನ ಕೈಗಿಂತ ಮುಂದೆ ಓಡುತ್ತಿತ್ತು. ಅಜ್ಜಿ ನೋಡಿ ಹೇಳುತ್ತಿದ್ದದ್ದು ಒಂದೇ ಮಾತು, “ನಿನ್ ಕಾಲಿಗೆ ಯಾರೇ ಬೆಂಕಿ ಇಕ್ಕವ್ರೆ?”

ಆ ಬೇಸಿಗೆಯಲ್ಲಿ ನನಗೆ ಆ ಪದ ಬೇಕೇ ಬೇಕಿತ್ತು. ಅದಕ್ಕೊಂದು ಕಾರಣ ಇತ್ತು.

ಹೊತ್ತುಗೊತ್ತಿಲ್ಲದೆ ತಿಂದ ಹುಳ ಒಂದು ದಿನ ತಿನ್ನುವುದನ್ನು ನಿಲ್ಲಿಸುತ್ತದೆ. ಮೈ ಕುಗ್ಗಿ, ಬೆಳಕಿಗೆ ಹಿಡಿದ ದ್ರಾಕ್ಷಿಯ ಹಾಗೆ ಹಳದಿಯಾಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಅದೇ ಹಣ್ಣು ಹುಳ. ಅದನ್ನು ಆರಿಸಿ ಚಂದ್ರಂಕಿಗೆ ಬಿಡಬೇಕು. ಚಂದ್ರಂಕಿ ಅಂದರೆ ಬಿದಿರಿನ ದೊಡ್ಡ ತಟ್ಟಿ, ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಹೆಣೆದಿರುತ್ತಾರೆ. ಹುಳ ಆ ಸುರುಳಿಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಪ್ರತಿ ಬೆಳೆಯಲ್ಲೂ ಮೊಟ್ಟಮೊದಲ ಹಣ್ಣು ಹುಳವನ್ನು ಮನೆಯ ಒಬ್ಬ ಹೆಣ್ಣುಮಗಳು ಬಿಡಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಅದಕ್ಕೆ ‘ಮೊದಲ ಕೈ’ ಅನ್ನುತ್ತಿದ್ದರು. ಆಮೇಲೆ ಆ ಬೆಳೆ ಅವಳ ಹೆಸರಲ್ಲೇ ಓಡಾಡುತ್ತಿತ್ತು. ಬೀದಿಯವರು ಗೂಡು ನೋಡಿ, “ಈ ಸಲ ಯಾರ್ ಕೈನಮ್ಮ?” ಅಂತ ಕೇಳುತ್ತಿದ್ದರು.

ಅಲ್ಲಿಯವರೆಗೆ ಅದು ನಮ್ಮತ್ತೆಯ, ಅಂದರೆ ಅಪ್ಪನ ತಂಗಿಯ ಕೈ. ಆ ವರ್ಷ ಅತ್ತೆ ಮದುವೆಯಾಗಿ ಕುಂದಲಹಳ್ಳಿಗೆ ಹೋದಳು. ಜಾಗ ಖಾಲಿಯಾಯಿತು. ಮನೆಯಲ್ಲಿ ಇನ್ನೊಂದು ಹೆಣ್ಣುಮಗು ಅಂದರೆ ನಾನೇ. ಅಮ್ಮ ಆಗಲೇ ನನ್ನ ಹಸಿರು ಲಂಗದ ಅಂಚು ಬಿಚ್ಚಿ ಉದ್ದ ಮಾಡಿಟ್ಟಿದ್ದಳು. ನಾನು ಅಜ್ಜಿಯನ್ನು ಕೇಳಿದೆ.

“ಅಜ್ಜಿ, ಈ ಸಲ ನನ್ ಕೈ ತಾನೆ?”

“ಇರು, ನೋಡಾನ. ಪರಾಂಬರ್ಸಿ ಏಳ್ತೀನಿ.”

ಪರಾಂಬರಿಸೋದಕ್ಕೆ ಏನಿದೆ ಅಂದುಕೊಂಡೆ. ಆ ವಾರವೇ ಶೈಲಾ ಬಂದಳು.

ಶೈಲಾ ನಮ್ಮ ಚಿಕ್ಕಪ್ಪನ ಮಗಳು, ನನಗಿಂತ ಸ್ವಲ್ಪ ಚಿಕ್ಕವಳು. ಚಿಕ್ಕಪ್ಪ ಪೀಣ್ಯದಲ್ಲಿ ಲೇತ್ ಕೆಲಸದಲ್ಲಿದ್ದ, ರಾಜಗೋಪಾಲನಗರದ ಒಂದು ವಠಾರದಲ್ಲಿ ಮನೆ. ಕಾರ್ಖಾನೆಗೆ ಬೀಗ ಬಿದ್ದಿತ್ತು. ಅದು ತೆಗೆಯುವವರೆಗೆ ಮಗು ಹಳ್ಳಿಯಲ್ಲಿರಲಿ ಅಂತ ಕರೆತಂದು ಬಿಟ್ಟುಹೋದ. ತಲೆಗೆ ಕೆಂಪು ಪ್ಲಾಸ್ಟಿಕ್ ಬ್ಯಾಂಡು, ಎದೆಯ ಮೇಲೆ ನೆರಿಗೆ ಹೊಲಿದ ಫ್ರಾಕು. ಹುಳವನ್ನು ಅವಳು ಹುಟ್ಟಿದಮೇಲೆ ಮೊದಲ ಸಲ ನೋಡಿದ್ದು.

“ಜಯಕ್ಕ, ಇದು ಕಚ್ಚುತ್ತಾ?”

“ಕಚ್ಚುತ್ತೆ. ಬೆರಳು ಪೂರ್ತಿ ತಿಂದ್ಹಾಕ್ಬಿಡುತ್ತೆ.”

ಅವಳು ಬಗ್ಗಿ ಒಂದು ಹುಳವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ನನ್ನ ಬೆರಳು ನೋಡಿದಳು. “ನಿನ್ನ ಬೆರಳೆಲ್ಲ ಹಾಗೇ ಇದೆಯಲ್ಲ?”

ಅಜ್ಜಿ ನಕ್ಕುಬಿಟ್ಟಳು. ನನ್ನ ಹೊಟ್ಟೆಯೊಳಗೆ ಮೊದಲ ಕಿಡಿ ಬಿದ್ದದ್ದು ಅಲ್ಲೇ.

ಆ ಹುಡುಗಿ ಎಲ್ಲದಕ್ಕೂ ಹಾಗೇ. ಕುಂಟೆಬಿಲ್ಲೆ ಆಡುವಾಗ ಬಿಲ್ಲೆ ಹಿಡಿದು ಮನೆಗಳನ್ನು ನೋಡುತ್ತಾ ನಿಂತರೆ ನಿಂತೇ ಇರುತ್ತಿದ್ದಳು, ನಾವು “ಎಸಿಯೇ ತಾಯಿ, ಕತ್ತಲಾಯ್ತು” ಅಂತ ಕಿರುಚಬೇಕಿತ್ತು. ಮಾವಿನಕಾಯಿಗೆ ಉಪ್ಪುಕಾರ ಹಚ್ಚಿಕೊಟ್ಟರೆ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿ ತಿನ್ನುತ್ತಿದ್ದಳು. ಅಷ್ಟರಲ್ಲಿ ನಾನು ನನ್ನ ಪಾಲು ಮುಗಿಸಿ ಅವಳ ಬಾಯಿ ನೋಡುತ್ತಾ ಕೂತಿರುತ್ತಿದ್ದೆ. ಹುಳಕ್ಕೆ ಸೊಪ್ಪು ಹಾಕು ಅಂದರೆ ಒಂದೊಂದೇ ಎಲೆ, ತೊಟ್ಟು ಹಿಡಿದು, ಮೇಲಿನಿಂದ ಮೆಲ್ಲಗೆ ಇಳಿಸುತ್ತಿದ್ದಳು. ಅವಳು ಒಂದು ತಟ್ಟೆ ಮುಗಿಸುವಷ್ಟರಲ್ಲಿ ನಾನು ಒಂದು ಸಾಲೇ ಮುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಿ ಅವಳ ಹಿಂದೆ ನಿಂತು ನೋಡಿದಳು. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು.

“ನೋಡೇ ಜಯಿ, ಸೈಲು ಎಂಗೆ ಪರಾಂಬರ್ಸಿ ಆಕ್ತಾ ಅವ್ಳೆ. ನೀನು ದನಕ್ಕೆ ಉಲ್ಲು ಎಸ್ದಂಗೆ ಎಸೀತೀಯ.”

ಅಷ್ಟೇ. ಬಂದು ಒಂದು ವಾರ ಆಗಿರಲಿಲ್ಲ, ಬಿರುದು ಹೊಡೆದುಕೊಂಡುಬಿಟ್ಟಳು! ತಾತ, ಹಸು, ಶೈಲಾ. ನಾನು ತಟ್ಟೆಗಳ ಸಾಲಿನ ಮಧ್ಯೆ ಸೊಪ್ಪಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದೆ. ಕಿವಿಯಿಂದ ಹೊಗೆ ಬರುತ್ತಿದೆಯೇನೋ ಅನ್ನಿಸಿತು. ಹುಟ್ಟಿದಾಗಿನಿಂದ ಹುಳದ ಜೊತೆ ಮಲಗಿ ಎದ್ದವಳು ನಾನು. ಇವಳು ಇನ್ನೂ ಹುಳವನ್ನು ಮುಟ್ಟಿರಲೂ ಇಲ್ಲ.

ಅವತ್ತಿನಿಂದ ನಾನು ಲೆಕ್ಕ ಇಡುವುದಕ್ಕೆ ಶುರುಮಾಡಿದೆ. ಅಜ್ಜಿ ಯಾರ ಮುದ್ದೆಯ ಗುಳಿಗೆ ಎಷ್ಟು ತುಪ್ಪ ಬಿಟ್ಟಳು, ಯಾರ ತಲೆ ಮೊದಲು ಬಾಚಿದಳು, ಜಗುಲಿಯಲ್ಲಿ ಯಾರ ಕಡೆ ಮುಖ ಮಾಡಿ ಮಲಗಿದಳು. ಬಸ್ಸಾರಿನಲ್ಲಿ ಕಾಳು ಅವಳ ತಟ್ಟೆಗೇ ಜಾಸ್ತಿ ಬಿತ್ತು ಅಂತ ಅಮ್ಮನ ಹತ್ತಿರ ಜಗಳ ಆಡಿದೆ. “ಥೂ, ಹೊಟ್ಟೆಕಿಚ್ಚಿನ ಗೂಡೇ, ಅವ್ಳು ನಾಕು ದಿನ ಇದ್ದು ಹೋಗೋ ಮಗು” ಅಂದಳು ಅಮ್ಮ. ನಾಲ್ಕು ದಿನದಲ್ಲಿ ನನ್ನ ಮೊದಲ ಕೈ ಹೋಗುತ್ತದಲ್ಲ, ಅದು ಅಮ್ಮನಿಗೆ ಅರ್ಥವಾಗಬೇಡವೇ?

ನಮ್ಮ ಕನ್ನಡ ಮೇಷ್ಟ್ರ ಮನೆ ಅತ್ತಿಬೆಲೆಯಲ್ಲಿತ್ತು. ರಜೆಯಲ್ಲಿ ಅವರ ಮನೆಗೆ ಹಾಲು ಕೊಟ್ಟುಬರುವ ಕೆಲಸ ನನ್ನದು. ಒಂದು ದಿನ ತಂಬಿಗೆ ಇಟ್ಟವಳು ಅಲ್ಲೇ ನಿಂತು ಕೇಳಿಬಿಟ್ಟೆ.

“ಸಾರ್, ಪರಾಂಬರ್ಸು ಅಂದ್ರೆ ಏನ್ ಸಾರ್?”

ಮೇಷ್ಟ್ರು ಬನಿಯನ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಕಾಲುಗುರು ಕತ್ತರಿಸುತ್ತಿದ್ದರು. “ರಜೆಯಲ್ಲಿ ಪದದ ಅರ್ಥ ಕೇಳ್ಕೊಂಡು ಬಂದ ಮಗೂನ ಇವತ್ತೇ ಕಣಮ್ಮ ನಾನು ನೋಡಿದ್ದು. ಯಾರು ಹೇಳಿದ್ರು ಈ ಪದ?”

“ನಮ್ಮಜ್ಜಿ.”

“ಅದು ಮೂಲದಲ್ಲಿ ಪರಾಮರ್ಶೆ. ಸಂಸ್ಕೃತದ್ದು. ಹಳಬರ ಬಾಯಲ್ಲಿ ಉರುಳಿ ಉರುಳಿ ಪರಾಂಬರಿಸು ಆಯ್ತು. ಅದರ ಬೇರು ಮೃಶ್ ಅಂತ. ಅಂದ್ರೆ ಮುಟ್ಟು, ಸವರು. ಕೈಯಾಡಿಸಿ ನೋಡಿ ತಿಳ್ಕೊಳ್ಳೋದು. ವಿಮರ್ಶೆ ಅಂತೀವಲ್ಲ, ಅದಕ್ಕೂ ಅದೇ ಬೇರು.”

“ಯೋಚ್ನೆ ತಲೇಲಿ ಅಲ್ವಾ ಸಾರ್ ಇರೋದು?”

“ಈಗ ತಲೆಗೆ ಹತ್ತಿ ಕೂತಿದೆ. ಮೊದಲು ಬೆರಳಲ್ಲಿತ್ತು.” ಕತ್ತರಿ ಕೆಳಗಿಟ್ಟು, ಪಕ್ಕದಲ್ಲಿದ್ದ ಹಲಸಿನಕಾಯಿಯನ್ನು ಅಂಗೈಯಿಂದ ಸವರಿ ತೋರಿಸಿದರು. “ಹಣ್ಣಾಯ್ತಾ ಇಲ್ವಾ ಅಂತ ಹೇಗೆ ನೋಡ್ತೀಯ? ಹೀಗೇ ತಾನೆ?”

ಖಾಲಿ ತಂಬಿಗೆ ಬಡಿದುಕೊಂಡು ಓಡಿದೆ. ದಾರಿಯುದ್ದಕ್ಕೂ ಬಾಯಲ್ಲಿ ಒಂದೇ ಜಪ. ಮುಟ್ಟು, ಸವರು. ಮುಟ್ಟು, ಸವರು. ಶೈಲಾ ಮುಟ್ಟುವುದೇ ಇಲ್ಲ! ಅವಳು ಬರೀ ನೋಡುತ್ತಾಳೆ. ಬಿರುದು ಅವಳದ್ದಾಗಲು ಸಾಧ್ಯವೇ ಇಲ್ಲ. ನನ್ನ ಕೈಯಲ್ಲಿ ಈಗ ಮೇಷ್ಟ್ರ ತೀರ್ಪು ಇತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ಮುಂದೆ ಬಿಚ್ಚಿಟ್ಟೆ.

“ಅಜ್ಜಿ, ನಿನ್ನ ಪದಕ್ಕೆ ಅರ್ಥ ಕೇಳ್ಕೊಂಡು ಬಂದೆ. ಪರಾಂಬರ್ಸು ಅಂದ್ರೆ ಮುಟ್ಟಿ ನೋಡೋದಂತೆ. ಸವರಿ ನೋಡೋದಂತೆ. ಮೇಷ್ಟ್ರು ಹೇಳಿದ್ರು. ಇವಳು ಹುಳ ಮುಟ್ಟೋದೇ ಇಲ್ಲ. ಎಲೆ ತೊಟ್ಟು ಮಾತ್ರ ಮುಟ್ತಾಳೆ.”

ಅಜ್ಜಿ ಮುದ್ದೆ ಮುರಿಯುತ್ತಾ, “ನನ್ ಪದಕ್ಕೆ ಮೇಷ್ಟ್ರು ಅರ್ಥ ಏಳ್ಬೇಕಾ? ಅವ್ರು ಉಳ ಮೇಯ್ಸವ್ರಾ?” ಅಂದಳು.

ಅಪ್ಪ ನಕ್ಕ. “ಮೇಷ್ಟ್ರು ಹೇಳಿದ್ದು ಸರಿಯಾಗೇ ಅದೆ ಬಿಡವ್ವ. ನೀನೂ ಮಡಕೇನ ಸವರೇ ತಾನೆ ತಗೊಳ್ಳೋದು?”

“ಅಂಗಾ?” ಅಂದ ಅಜ್ಜಿ ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡಿಕೊಂಡಳು. ಗೆದ್ದೆ ಅಂದುಕೊಂಡೆ. ಶೈಲಾ ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಹೊಳೆಯಲೇ ಇಲ್ಲ.

ಸಂಜೆ ಸೊಪ್ಪಿನ ಹೊತ್ತಿಗೆ ಹುಳದ ಮನೆಯೊಳಗೆ ಹೋದರೆ, ಶೈಲಾ ಒಂದು ತಟ್ಟೆಯ ಮುಂದೆ ಮಂಡಿಯೂರಿ ಕೂತಿದ್ದಾಳೆ. ಹಲ್ಲು ಕಚ್ಚಿಕೊಂಡು, ಒಂದು ಕಣ್ಣು ಮುಚ್ಚಿ, ತೋರುಬೆರಳ ತುದಿಯಿಂದ ಒಂದು ಹುಳದ ಬೆನ್ನನ್ನು ಸವರುತ್ತಿದ್ದಾಳೆ. ಮೊದಲು ಬೆರಳು ಎಳೆದುಕೊಂಡಳು. ಆಮೇಲೆ ಮತ್ತೆ ಇಟ್ಟಳು. ಬಾಲದಿಂದ ತಲೆಯವರೆಗೆ ಉದ್ದಕ್ಕೂ.

“ತಣ್ಣಗಿದೆ ಕಣಕ್ಕ! ಮೆತ್ತಗೆ ಇದೆ!” ಅಂತ ನನ್ನ ಕಡೆ ತಿರುಗಿ ನಕ್ಕಳು. ನನಗೆ ಥ್ಯಾಂಕ್ಸ್ ಬೇರೆ ಹೇಳಿದಳು, ಪೀಣ್ಯದ ಹುಡುಗಿ.

ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. “ಆಂ, ಅಂಗೆ. ಅಂಗೇ ಕಣವ್ವ.”

ಪದದ ಅರ್ಥವನ್ನು ನಾನೇ ಅತ್ತಿಬೆಲೆಯಿಂದ ಹೊತ್ತು ತಂದು ಅವಳ ಕೈಗೆ ಕೊಟ್ಟ ಹಾಗಾಯಿತು ನೋಡಿ. ನಾನು ಸೊಪ್ಪಿನ ಬುಟ್ಟಿಯನ್ನು ಅಲ್ಲೇ ಕುಕ್ಕಿ ಹೊರಗೆ ಬಂದು, ತೋಟಕ್ಕೆ ಹೋಗಿ ಬಾಯಿ ನೀಲಿಯಾಗುವಷ್ಟು ಹಿಪ್ಪುನೇರಳೆ ಹಣ್ಣು ತಿಂದೆ. ಹೊಟ್ಟೆ ತಂಪಾಗಲಿಲ್ಲ.

ಕೆಲವು ದಿನ ಕಳೆಯಿತು. ಆ ಸಲ ಬಿಸಿಲು ವಿಪರೀತ. ಗೋಣಿತಾಟಿಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೂ ಒಳಗೆ ಬೇಯುತ್ತಿತ್ತು. ಒಂದು ಸಂಜೆ ಅಪ್ಪ, ಹುಳ ಹಣ್ಣಾಗುತ್ತಿದೆ, ಬೆಳಿಗ್ಗೆ ಆರಿಸಬೇಕು ಅಂದ. ಮುದ್ದೆ ತೊಳಸುತ್ತಿದ್ದ ಅಮ್ಮ ಕೈ ನಿಲ್ಲಿಸಿ ಅಜ್ಜಿಯ ಕಡೆ ನೋಡಿದಳು.

“ಸೈಲು ಕೈಲಿ ಬಿಡ್ಸಾನ” ಅಂದಳು ಅಜ್ಜಿ.

“ಜಯ ಕಾಯ್ಕೊಂಡು ಕೂತವ್ಳೆ ಅತ್ತೆ” ಅಂದಳು ಅಮ್ಮ.

“ಜಯಿ ಎಲ್ ಓಯ್ತಾಳೆ? ಇಲ್ಲೇ ಇರ್ತಾಳೆ. ಪರಾಂಬರ್ಸೇ ಏಳ್ತಿದೀನಿ.”

ಅಮ್ಮ ಮುದ್ದೆಕೋಲನ್ನು ಪಾತ್ರೆಗೆ ಇಟ್ಟು ಕುಟ್ಟಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಬೆಳಿಗ್ಗೆ ಶೈಲಾಗೆ ತಲೆಗೆ ನೀರು ಹಾಕಿದರು. ಅವಳ ಹತ್ತಿರ ಲಂಗ ಇರಲಿಲ್ಲ. ಊಹಿಸಿದಿರಲ್ಲ? ಅಂಚು ಬಿಚ್ಚಿದ ನನ್ನ ಹಸಿರು ಲಂಗವನ್ನೇ ಉಡಿಸಿದರು. ಅರಿಶಿನದ ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲುವ ಕೆಲಸ ನನಗೆ ಬಂತು. ಚಂದ್ರಂಕಿಗೆ ಅರಿಶಿನ ಕುಂಕುಮ ಹಚ್ಚಿ, ಗೋಡೆಗೆ ಒರಗಿಸಿದರು. ಅಜ್ಜಿ ಒಂದು ತಟ್ಟೆಯನ್ನು ಇಳಿಸಿ ಶೈಲಾಳ ಮುಂದೆ ಇಟ್ಟಳು.

“ನೋಡು ಮಗಾ. ಅವಸ್ರ ಇಲ್ಲ. ಅಣ್ಣು ಉಳ ಒಂದು ಎತ್ತು.”

ಶೈಲಾ ನೋಡಿದಳು. ನೋಡಿದಳು. ನನಗಾಗಲೇ ಮೂರು ಹಣ್ಣು ಹುಳ ಕಂಡಿದ್ದವು. ಅವಳು ತಟ್ಟೆಯ ಅಂಚಿನಲ್ಲಿ ಓಡಾಡುತ್ತಿದ್ದ ಒಂದನ್ನು ಮೆಲ್ಲಗೆ ಬೆರಳಿಂದ ಸವರಿ, ಎರಡು ಬೆರಳಲ್ಲಿ ಹಿಡಿದು ಎತ್ತಿದಳು. ಒಳ್ಳೆ ಹಳದಿ, ಮಿರಮಿರ ಹೊಳೆಯುತ್ತಿತ್ತು. ಅಜ್ಜಿ ಹುಬ್ಬಿಗೆ ಕೈಯಿಟ್ಟು ನೋಡಿ ತಲೆಯಾಡಿಸಿದಳು. ಪೊರೆಗಣ್ಣಿಗೆ ಹಳದಿ ಕಂಡರೆ ಸಾಕಿತ್ತು.

ನನಗೆ ಮಾತ್ರ ಅದರ ಗೆಣ್ಣು ಕಂಡವು.

ಹಾಲು ಹುಳ ಅಂತ ಒಂದಿದೆ. ರೋಗದ ಹುಳ. ಅದೂ ಹಳದಿಯಾಗುತ್ತದೆ, ಅದೂ ತಿನ್ನುವುದು ಬಿಟ್ಟು ತಟ್ಟೆಯ ಅಂಚಿಗೆ ಬಂದು ಅಲೆಯುತ್ತದೆ. ಹೊಸಬರಿಗೆ ಹಣ್ಣು ಹುಳದ ಹಾಗೇ ಕಾಣುತ್ತದೆ. ಆದರೆ ಹಣ್ಣು ಹುಳ ಕುಗ್ಗಿರುತ್ತದೆ, ಇದು ಊದಿರುತ್ತದೆ, ಒಂದೊಂದು ಗೆಣ್ಣಿಗೂ ಉಬ್ಬು. ತೊಗಲು ಒಡೆದರೆ ಹಾಲಿನಂಥ ರಸ ಸುರಿಯುತ್ತದೆ, ಆ ರಸ ಬಿದ್ದಲ್ಲೆಲ್ಲ ರೋಗ.

ಶೈಲಾಳ ಕೈ ಚಂದ್ರಂಕಿಯ ಕಡೆಗೆ ಹೋಗುತ್ತಿತ್ತು. ನಾನು ಸುಮ್ಮನಿದ್ದರೆ ಸಾಕು. ಹುಳ ಅಲ್ಲೇ ಒಡೆಯುತ್ತದೆ, ಸಂಜೆಯೊಳಗೆ ಚಂದ್ರಂಕಿ ನಾರುತ್ತದೆ, ‘ಸೈಲು ಕೈ’ ಅಂದರೆ ಬೀದಿಯೆಲ್ಲ ಮೂಗು ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿನಲ್ಲಿ ಅಷ್ಟೆಲ್ಲ ಹೊಳೆಯಿತು ನನಗೆ, ಹೊಟ್ಟೆಕಿಚ್ಚಿಗೆ ತಲೆ ಬಲು ಚುರುಕು. ಆದರೆ ನಾನು ಬಿರಬಿರನೆ ಮಾಡುವವಳು ಅಂತ ಹೇಳಿದೆನಲ್ಲ. ಬಾಯಿ ಕಾಯಲಿಲ್ಲ.

“ಹಾಲು ಹುಳ! ಹಾಲು ಹುಳ ಎತ್ತವ್ಳೆ ಅಜ್ಜಿ!”

ಊರಿಗೇ ಕೇಳುವ ಹಾಗೆ ಕೂಗಿದೆ. ಬೆಳೆ ಉಳಿಸುವುದಕ್ಕೆ ಕೂಗಿದೆನೋ, ಅವಳ ಮಾನ ಕಳೆಯುವುದಕ್ಕೆ ಕೂಗಿದೆನೋ ಅಂತ ಕೇಳಬೇಡಿ. ಎರಡಕ್ಕೂ ಒಂದೇ ಕೂಗು ಸಾಕಾಯಿತು. ಶೈಲಾ ಬೆಚ್ಚಿದಳು. ಬೆರಳು ಬಿಗಿಯಾಯಿತು. ಹುಳ ಪಟ್ಟನೆ ಒಡೆದು, ಬೆಳ್ಳಗಿನ ರಸ ಅವಳ ಮೊಣಕೈವರೆಗೆ ಇಳಿದು, ನನ್ನ ಹಸಿರು ಲಂಗದ ಮೇಲೆ ಸುರಿಯಿತು.

ಅಪ್ಪ ಹಾರಿ ಬಂದು ತಟ್ಟೆ ಎತ್ತಿದ. “ಮುಟ್ಬೇಡಿ, ಯಾರೂ ಏನೂ ಮುಟ್ಬೇಡಿ!” ಅಂತ ಕೂಗಿ ಹೊರಗೆ ಒಯ್ದು, ತಟ್ಟೆಯ ಹುಳವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಸುರಿದ. ಅದರಲ್ಲಿ ಹಾಲು ಹುಳ ಇನ್ನೂ ಇದ್ದವು. ಉಳಿದ ತಟ್ಟೆಗಳನ್ನು ಒಂದೊಂದಾಗಿ ನೋಡಿ, ಬೆವರು ಒರೆಸಿಕೊಂಡು, “ಇವೆಲ್ಲ ಚೆನ್ನಾಗವೆ. ಆ ಕೈಯಿ ಚಂದ್ರಂಕಿಗೆ ತಾಕಿದ್ರೆ ಮುಗೀತಿತ್ತು” ಅಂದ.

ಅಮ್ಮ ನನ್ನ ಭುಜ ಹಿಡಿದು ಚಂದ್ರಂಕಿಯ ಮುಂದೆ ತಳ್ಳಿದಳು. “ನೀನ್ ಬಿಡೇ. ಹೊತ್ತ್ ಮೀರ್ತದೆ.”

ಬೇರೆ ತಟ್ಟೆ ಬಂತು. ನಾನು ಕುಗ್ಗಿದ, ಮೆತ್ತಗಿನ, ಬೆಳಕು ಹಾಯುವ ಒಂದು ಹುಳ ಎತ್ತಿ ಬಿದಿರ ಸುರುಳಿಯ ಸಂದಿಗೆ ಬಿಟ್ಟೆ. ಅದು ಎರಡು ಸಲ ತಲೆಯಾಡಿಸಿ ಮೊದಲ ಎಳೆ ಅಂಟಿಸಿತು. ಹಿಂದಿನಿಂದ ಅಜ್ಜಿಯ ದನಿ ಕೇಳಿತು.

“ಪರಾಂಬರ್ಸಿ ನೋಡುದ್ಲು ಕಣೋ ನಮ್ ಜಯಿ. ಅವ್ಳ್ ಕಣ್ಣಿಗೆ ದೃಷ್ಟಿ ತೆಗೀಬೇಕು.”

ಬಂತು! ತಾತ, ಹಸು, ಶೈಲಾ, ನಾನು. ಆ ಮಾತು ಹೇಳುವಾಗ ಅಜ್ಜಿಯ ಮುಖ ಹೇಗಿದೆ ನೋಡಬೇಕು ಅಂತ ತಿರುಗಿದೆ. ಅಜ್ಜಿ ಅಲ್ಲಿರಲಿಲ್ಲ. ಅಪ್ಪನಿಗೆ ಹೇಳುತ್ತಾ ಹೇಳುತ್ತಾ ಹಿತ್ತಲ ಬಾಗಿಲು ದಾಟಿದ್ದಳು.

ಹಿತ್ತಲಲ್ಲಿ ಕಲ್ಲಿನ ಮೇಲೆ ಶೈಲಾ ಕೂತು ಬಿಕ್ಕುತ್ತಿದ್ದಳು. ಅಜ್ಜಿ ಅವಳ ಕೈಯನ್ನು ಸೀಗೆಪುಡಿ ಹಾಕಿ ತೊಳೆದಳು, ಮೊಣಕೈವರೆಗೆ, ಬೆರಳ ಸಂದಿ ಸಂದಿ. ಆಮೇಲೆ ಎಳೆದು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರುವುದಕ್ಕೆ ಶುರುಮಾಡಿದಳು. ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ, ನಿಲ್ಲಿಸಲೇ ಇಲ್ಲ. ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ನನ್ನನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟೋ ಕಾಲವಾಗಿತ್ತು. ಯಾಕೆ ಕೂರಿಸಬೇಕು? ನಾನು ಅಳುತ್ತಿರಲಿಲ್ಲ, ಗೆದ್ದಿದ್ದೆ. ಕೈತುಂಬ ಅರಿಶಿನ ಮೆತ್ತಿಕೊಂಡು ಬಾಗಿಲಲ್ಲಿ ನಿಂತು, ಹಿಂದಿನ ದಿನಕ್ಕಿಂತ ಹೆಚ್ಚಾಗಿ ಉರಿದೆ.

ಬೆಳೆ ಚೆನ್ನಾಗಿ ಬಂತು. ‘ಜಯಿ ಕೈ’ ಅಂತ ಬೀದಿಯವರು ಹೊಗಳಿದರು. ಚಿಕ್ಕಪ್ಪನ ಕಾರ್ಖಾನೆ ಬಾಗಿಲು ತೆರೆಯಿತು, ಶೈಲಾ ಕೆಂಪು ಬ್ಯಾಂಡು ಹಾಕಿಕೊಂಡು ಬಸ್ಸು ಹತ್ತಿದಳು. ಆಮೇಲಿನ ಬೇಸಿಗೆಗಳಲ್ಲೂ ಬಂದಳು, ಆದರೆ ಹುಳದ ಮನೆಗೆ ಕಾಲಿಡಲಿಲ್ಲ.

ಈಗ ಆ ತೋಟದ ಜಾಗದಲ್ಲಿ ಗೋಡೌನು. ರಾತ್ರಿಯಿಡೀ ಲಾರಿ ಹಿಂದೆ ತೆಗೆಯುವ ಪೀಂ ಪೀಂ ಸದ್ದು. ಅಪ್ಪ ಜಾಗ ಬಾಡಿಗೆಗೆ ಕೊಟ್ಟವರಲ್ಲಿ ಮೊದಲಿಗ, ನಾನೂ ಬೇಡ ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಹುಳದ ಮನೆ ಕೆಡವಿದಾಗ ಚಂದ್ರಂಕಿಗಳನ್ನು ಯಾರೋ ಕೋಳಿ ಕವುಚುವುದಕ್ಕೆ ಅಂತ ಒಯ್ದರು. ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅವಳು ಹೋದಮೇಲೆ ಆ ಪದವನ್ನು ಯಾರ ಬಾಯಿಂದಲೂ ನಾನು ಕೇಳಿಲ್ಲ. ಮಗನಿಗೆ “ಕಾರು ತಗೊಳ್ಳೋ ಮುಂಚೆ ಪರಾಂಬರ್ಸೋ” ಅಂದರೆ, “ಅಮ್ಮಾ, ಅದು ಯಾವ ಭಾಷೆ?” ಅನ್ನುತ್ತಾನೆ.

ಮೊನ್ನೆ ಶೈಲಾಗೆ ಫೋನ್ ಮಾಡಿದ್ದೆ. ಅವಳು ಈಗಲೂ ರಾಜಗೋಪಾಲನಗರದಲ್ಲೇ ಇದ್ದಾಳೆ. ಮಾತು ಆ ಬೇಸಿಗೆಗೆ ಹೋಯಿತು. ಕೇಳಿದೆ, ಅಜ್ಜಿ ನಿನ್ನನ್ನ ಪರಾಂಬರ್ಸಿ ಮಾಡ್ತಾಳೆ ಅಂತ ಹೊಗಳ್ತಿದ್ದಳಲ್ಲ, ನೆನಪಿದೆಯೇನೇ?

“ಏನು ಬರ್ಸಿ?” ಅಂದಳು. “ಅದ್ಯಾವ ಪದನೋ ಗೊತ್ತಿಲ್ಲ ಕಣಕ್ಕ. ನನಗೆ ನೆನಪಿರೋದು ಅಜ್ಜಿ ಕೈ ಒಂದೇ. ಅವತ್ತು ಬೆನ್ನು ಸವರ್ತಾ ಇದ್ರಲ್ಲ, ಎಷ್ಟು ಒರಟು ಗೊತ್ತಾ ಆ ಕೈ? ರವಿಕೆ ಎಳೆ ಎಳೆ ಸಿಕ್ಕಾಕೊಂಡು ಪರ್ ಪರ್ ಅಂತಿತ್ತು. ಈಗಲೂ ಮಲಗಿದ್ರೆ ಬೆನ್ನ ಮೇಲೆ ಆ ಸದ್ದು ಕೇಳುತ್ತೆ ಕಣೇ.”

ನನಗೆ ಹಾಗೇನೂ ಕೇಳುವುದಿಲ್ಲ. ಯಾವ ಪದಕ್ಕಾಗಿ ಇಡೀ ಬೇಸಿಗೆ ಕುದ್ದೆನೋ ಅದು ಈಗ ಪೂರ್ತಿ ನನ್ನದೇ, ಪಾಲು ಕೇಳುವವರು ಯಾರೂ ಇಲ್ಲ. ಈ ಪದಕ್ಕೆ ಆ ಸದ್ದನ್ನು ಬದಲಾಯಿಸಿಕೊಳ್ಳುತ್ತೀಯೇನೇ ಅಂತ ಕೇಳೋಣ ಅನ್ನಿಸಿತು.

ಕೇಳಲಿಲ್ಲ. ಅವಳು ಕೊಡುವವಳಲ್ಲ.